ಆಸ್ಪತ್ರೆಗೆ ಸಿಂಗರಿಸುವ ಸಾಕಮ್ಮ

ಊರಿನಲ್ಲಿ ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೆಂದರೆ ಉಳಿದವರು ಹಣೆ ಮುಟ್ಟಿ ನೋಡುತ್ತಿದ್ದರು, ಸಾಕಮ್ಮ ಹಿಮ್ಮಡಿ ನೋಡುತ್ತಿದ್ದಳು. ಜ್ವರವೋ, ಭೇದಿಯೋ, ಎದೆನೋವೋ ಎಂಬುದು ಆಕೆಗೆ ಎರಡನೆಯ ವಿಚಾರ. ಹಿಮ್ಮಡಿ ಒಡೆದಿದೆಯೇ, ಬಿರುಕಿನೊಳಗೆ ಮಣ್ಣು ಕೂತಿದೆಯೇ, ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಅಂಟು ಕರ್ರಗೆ ಮೆತ್ತಿದೆಯೇ, ತಲೆ ಎಣ್ಣೆ ಕಂಡು ಎಷ್ಟು ಕಾಲವಾಯಿತು, ಇಷ್ಟನ್ನೂ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಕಣ್ಣಾಡಿಸಿ ಅಳೆದು, "ಇಂಗೇ ಓದ್ರೆ ಬಾಗ್ಲಲ್ಲೇ ನಿಲ್ಲಿಸ್ತಾರೆ ಕಣವ್ವ. ಏಳು, ಬಿಸ್ನೀರು ಕಾಯಿಸ್ತೀನಿ. ಏನಂದೆ?" ಎನ್ನುತ್ತಿದ್ದಳು. ಎದುರಿಗಿದ್ದವರು ಏನೂ ಅಂದಿರುತ್ತಿರಲಿಲ್ಲ. ಪ್ರತಿ ಮಾತಿನ ಕೊನೆಗೂ 'ಏನಂದೆ?' ಎಂದು ತಾನೇ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗಿಬಿಡುವುದು ಆಕೆಯ ನಾಲಗೆಯ ಚಾಳಿ.

ಗಾವಡಗೆರೆಯ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಎರಡು ಬದಿಗೂ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಬ್ಯಾರನ್ನುಗಳು, ಅವುಗಳಾಚೆ ನಮ್ಮೂರು. ಊರಿನ ಕೆಳಗಿನ ಬೀದಿಯ ಕೊನೆಯ ಮನೆ ಸಾಕಮ್ಮನದು. ಮಳೆಗಾಲ ಹಿಡಿದು ಸೊಪ್ಪು ಮುರಿಯುವ ಕಾಲ ಬಂತೆಂದರೆ ಆಕೆಯನ್ನು ಸೀರೆಯಲ್ಲಿ ನೋಡಿದವರೇ ಇಲ್ಲ ಎನ್ನಬೇಕು. ಸೀರೆಯೇನೋ ಇರುತ್ತಿತ್ತು, ಆದರೆ ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಿಗಿದು ಕಟ್ಟಿದ ಟವೆಲ್ಲು, ಕುತ್ತಿಗೆಯವರೆಗೆ ಗುಂಡಿ. ಎಲೆಯ ಅಂಟು ಮೈಗೆ ತಗುಲಿದರೆ ತಲೆ ಸುತ್ತಿ ವಾಂತಿಯಾಗುತ್ತದೆಂದು ಕೂಲಿ ಹೆಂಗಸರೆಲ್ಲರೂ ಹೀಗೆಯೇ ಹೋಗುತ್ತಾರೆ. ವರ್ಷಾನುಗಟ್ಟಲೆ ಸೊಪ್ಪಿನ ಹೊರೆ ಹೊತ್ತು ಆಕೆಯ ಸೊಂಟ ಒಂದು ಕಡೆಗೆ ವಾಲಿತ್ತು. ಸಂತೆಯ ಜನದಲ್ಲಿ ದಾರಿ ಬಿಡಿಸಿಕೊಂಡು ಹೋಗುವವಳ ಹಾಗೆ ಎಡ ಹೆಗಲನ್ನು ಮುಂದೆ ಮಾಡಿಕೊಂಡು, ಖಾಲಿ ಬೀದಿಯಲ್ಲೂ ಅಡ್ಡಡ್ಡವಾಗಿ ನಡೆಯುತ್ತಿದ್ದಳು. ಆ ನಡಿಗೆ ಒಂದೇ ಒಂದು ಕಡೆ ನೆಟ್ಟಗಾಗುತ್ತಿತ್ತು. ಪೇಟೆಯ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸಾಕಮ್ಮ ಸೊಂಟದ ನೋವನ್ನು ಹಲ್ಲು ಕಚ್ಚಿ ನುಂಗಿ, ಕತ್ತೆತ್ತಿ, ಎರಡು ಹೆಗಲನ್ನೂ ಸಮ ಮಾಡಿಕೊಂಡು, ಯಾವುದೋ ಜಮೀನುದಾರರ ಮನೆಯ ಹಿರಿಯ ಸೊಸೆಯಂತೆ ಒಳಗೆ ಹೋಗುತ್ತಿದ್ದಳು.

ಆಕೆಯ ಮನೆಯ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಜರಿ ಅಂಚಿನ ಹಸಿರು ಸೀರೆ, ಅದಕ್ಕೊಂದು ಸಡಿಲ ರವಿಕೆ, ಗಂಡಸರಿಗೆ ಒಂದು ಬಿಳಿಯ ಅಂಗಿ ಮತ್ತು ಪಂಚೆ, ಪೌಡರಿನ ಡಬ್ಬಿ, ಕಾಡಿಗೆ, ಕೆಂಪು ಉಗುರುಬಣ್ಣದ ಸೀಸೆ, ಒಂದು ಜೊತೆ ಚಪ್ಪಲಿ, ಕಪ್ಪು ವ್ಯಾನಿಟಿ ಬ್ಯಾಗು. ಬ್ಯಾಗಿನೊಳಗೆ ಏನೂ ಇಲ್ಲದಿದ್ದರೂ ಹೊಟ್ಟೆ ತುಂಬಿದಂತೆ ಕಾಣಲೆಂದು ಹಳೆಯ ಟವೆಲ್ಲೊಂದನ್ನು ಸುರುಳಿ ಸುತ್ತಿ ತುರುಕಿದ್ದಳು. ಸೀರೆಯು ಹೊಲದ ಯಜಮಾನರಾದ ರೇಣುಕಾಪ್ರಸಾದರ ಮಗಳ ಮದುವೆಯಲ್ಲಿ ಪಾತ್ರೆ ತೊಳೆದದ್ದಕ್ಕೆ ಸಿಕ್ಕಿದ್ದು. ಆ ಸೀರೆಯನ್ನು ಆಕೆ ಹಬ್ಬಕ್ಕೂ ಉಟ್ಟವಳಲ್ಲ, ಮದುವೆಗೂ ಉಟ್ಟವಳಲ್ಲ. ಅದು ಆಸ್ಪತ್ರೆಯ ಸೀರೆ, ಬೀದಿಯಲ್ಲಿ ಯಾರಿಗೆ ಕಾಯಿಲೆಯೋ ಅವರ ಸೀರೆ. ದಪ್ಪನೆಯವರೂ ತೆಳ್ಳನೆಯವರೂ ಅದನ್ನೇ ಉಟ್ಟು ಬಸ್ಸು ಹತ್ತುತ್ತಿದ್ದರು, ಸಂಜೆ ಬಂದು ಒಗೆದು ಮಡಿಸಿ ತಂದುಕೊಡುತ್ತಿದ್ದರು. ಬಾಣಂತಿಯರು, ಮುದುಕಿಯರು, ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು, ಎಲ್ಲರ ಮೈಯ ಬಿಸಿಯನ್ನೂ ಆ ಒಂದೇ ಸೀರೆ ಬಲ್ಲದು.

ಈ ಹುಚ್ಚು ಆಕೆಗೆ ಸುಮ್ಮನೆ ಹಿಡಿದದ್ದಲ್ಲ. ಆಕೆಯ ಗಂಡ ಅಂಕಯ್ಯ ಒಂದು ಮಳೆಗಾಲ ಸೊಪ್ಪು ಮುರಿಯುತ್ತಿದ್ದವನು ಎದೆ ಹಿಡಿದುಕೊಂಡು ಸಾಲಿನ ನಡುವೆ ಕುಸಿದ. ಇದ್ದ ಹಾಗೆಯೇ ಎತ್ತಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪೇಟೆಗೆ ಓಡಿದರು. ಮೈತುಂಬ ಕೆಸರು, ಕಪ್ಪಿಟ್ಟ ಕೈಗಳು, ದಾರಿಯಲ್ಲಿ ಮಾಡಿಕೊಂಡ ವಾಂತಿ ಅಂಗಿಯ ಮೇಲೆ. ಬಾಗಿಲಲ್ಲಿ ನಿಂತಿದ್ದ ಆಳು ಮೂಗಿಗೆ ಕೈ ಅಡ್ಡ ಹಿಡಿದು, "ಕುಡ್ದವ್ನೆ. ಅಲ್ಲೇ ಮಲಗಿಸು, ಇಳೀಲಿ" ಎಂದ. "ಕುಡ್ದಿಲ್ಲ ಸ್ವಾಮಿ, ಅವ್ರು ಬೀಡಿನೂ ಸೇದಾಕಿಲ್ಲ" ಎಂದು ಸಾಕಮ್ಮ ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ. ಆಮೇಲೆ ಬಂದ ಇಸ್ತ್ರಿ ಅಂಗಿಯವರೊಬ್ಬರು, ಬೆರಳಿಗೆ ಗಾಯ ಮಾಡಿಕೊಂಡವರು, ನೇರ ಒಳಗೆ ಹೋದರು. ಅಂಕಯ್ಯ ಹೊರಗಿನ ನೆಲದ ಮೇಲೆ ಹೆಂಡತಿಯ ತೊಡೆಗೆ ತಲೆಯಿಟ್ಟು ಪ್ರಾಣ ಬಿಟ್ಟ. ಇನ್ನೊಬ್ಬರಾಗಿದ್ದರೆ ಆ ಆಳಿಗೆ ಶಾಪ ಹಾಕುತ್ತಿದ್ದರು. ಸಾಕಮ್ಮ ತನಗೇ ಹಾಕಿಕೊಂಡಳು. ಮುಖ ತೊಳೆಸದೆ ಕರೆದೊಯ್ದದ್ದು ತನ್ನ ತಪ್ಪು, ಒಂದು ಒಳ್ಳೆಯ ಅಂಗಿ ತೊಡಿಸಿದ್ದರೆ ಬದುಕುತ್ತಿದ್ದ ಎಂಬುದು ಆಕೆಯ ತೀರ್ಮಾನ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಂಡನನ್ನು ಕಳೆದುಕೊಂಡದ್ದೂ ಆಕೆಯೇ, ಅವಮಾನ ಪಟ್ಟದ್ದೂ ಆಕೆಯೇ, ಕೊನೆಗೆ ತಪ್ಪನ್ನು ಹೊತ್ತುಕೊಂಡದ್ದೂ ಆಕೆಯೇ.

ಆಕೆಯ ಸಿಂಗಾರ ಫಲಿಸುತ್ತಿತ್ತು ಎಂಬುದೇ ಈ ಕಥೆಯ ಕಷ್ಟ. ಫಲಿಸದಿದ್ದರೆ ಯಾರೂ ನಂಬುತ್ತಿರಲಿಲ್ಲ. ಹರ್ನಿಯಾದಿಂದ ನರಳುತ್ತಿದ್ದ ಜವರಯ್ಯನಿಗೆ ಪೆಟ್ಟಿಗೆಯ ಬಿಳಿ ಅಂಗಿ ತೊಡಿಸಿ, ಜೇಬಿಗೆ ಬರೆಯದ ಪೆನ್ನೊಂದನ್ನು ಸಿಕ್ಕಿಸಿ ಕಳುಹಿಸಿದಾಗ, ಹಿಂದೆ ಎರಡು ಸಲ "ನಾಳೆ ಬಾ" ಎಂದು ಗದರಿಸಿದ್ದ ಅದೇ ಬಾಗಿಲಿನವನು ಎದ್ದು ನಿಂತು "ಬನ್ನಿ ಯಜಮಾನ್ರೆ" ಎಂದನಂತೆ. ಜವರಯ್ಯ ಈ ಮರ್ಯಾದೆಗೆ ಗಾಬರಿಯಾಗಿ, ಯಾರನ್ನು ಕರೆದರೋ ಎಂದು ಹಿಂತಿರುಗಿ ನೋಡಿದ ಕಥೆಯನ್ನು ಸಾಕಮ್ಮ ಸೊಪ್ಪು ಕಟ್ಟುವ ಹೆಂಗಸರ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳು. ಕೈ ಕಟ್ಟಿ ನಿಲ್ಲಬಾರದು, ಕುರ್ಚಿಯಿದ್ದರೆ ಕೂರಬೇಕು, 'ಸ್ವಾಮಿ' ಎನ್ನದೆ 'ಸಾರ್' ಎನ್ನಬೇಕು, ನೋವಿದ್ದರೂ ಹುಯಿಲಿಡಬಾರದು, ಇವೆಲ್ಲ ಆಕೆಯ ಪಾಠಗಳು. ನೋವಿಲ್ಲದವರಂತೆ ಕಂಡರೆ ಮಾತ್ರ ನೋವು ಕೇಳುತ್ತಾರೆಂಬ ಆ ವಿಚಿತ್ರ ಶಾಸ್ತ್ರವನ್ನು ಇಡೀ ಬೀದಿ ಕಲಿತಿತ್ತು.

ಪವಿತ್ರ ಸಾಕಮ್ಮನ ತಮ್ಮನ ಮಗಳು, ಮಗ ಚಿಕ್ಕಮಾದುವಿನ ಹೆಂಡತಿ. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ಹುಡುಗಿಯೇ ಸೊಸೆಯಾಗಿ ಬಂದದ್ದರಿಂದ ಅತ್ತೆ ಸೊಸೆಯರ ನಡುವೆ ಇರಬೇಕಾದ ಬಿಗುವು ಆ ಮನೆಯಲ್ಲಿ ಬೆಳೆಯಲೇ ಇಲ್ಲ. ಚಿಕ್ಕಮಾದು ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕೆ ನಿಂತು ಯಾವಾಗಲೋ ಒಮ್ಮೆ ಬರುತ್ತಿದ್ದುದರಿಂದ ಇಬ್ಬರು ಹೆಂಗಸರೂ ಒಂದೇ ಕಂಬಳಿ, ಒಂದೇ ಮುದ್ದೆ, ಒಂದೇ ನಗು ಎಂಬಂತಿದ್ದರು. ಬ್ಯಾರನ್ನಿನೊಳಗೆ ತೂಗುಹಾಕುವ ಕಡ್ಡಿಗೆ ಸೊಪ್ಪು ಕಟ್ಟುವುದರಲ್ಲಿ ಪವಿತ್ರಳ ಕೈ ಚುರುಕು. ಆ ಕೈ ನಿಧಾನವಾದದ್ದನ್ನು ಮೊದಲು ಕಂಡವಳು ಸಾಕಮ್ಮನೇ. ಹುಡುಗಿ ಕುಳಿತಲ್ಲೇ ತೂಕಡಿಸತೊಡಗಿದಳು. ಮಡಿಲಲ್ಲಿ ಹಸಿ ಅಕ್ಕಿ ಕಟ್ಟಿಕೊಂಡು ಕಟಕಟ ತಿನ್ನುತ್ತಿದ್ದಳು. ಬ್ಯಾರನ್ನಿನ ಏಣಿ ಹತ್ತಿ ಕಡ್ಡಿ ಕೊಡುವಾಗ ಎದೆ ಹೊಡೆದುಕೊಂಡು ಇಳಿದುಬಿಡುತ್ತಿದ್ದಳು. ಮುಟ್ಟು ಬಂದರೆ ನಿಲ್ಲುವುದೇ ಇಲ್ಲ ಎಂಬುದನ್ನು ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಅತ್ತೆಗೆ ಮಾತ್ರ ಹೇಳಿದ್ದಳು.

ಆಶಾ ಕಾರ್ಯಕರ್ತೆ ಉಷಾರಾಣಿ ಮನೆಗೆ ಬಂದಾಗ ಹುಡುಗಿಯ ಮುಖ ನೋಡಿ, "ಸಾಕಮ್ಮ, ಇವಳಿಗೆ ರಕ್ತ ಕಮ್ಮಿ ಇರಂಗದೆ. ತಡ ಮಾಡ್ಬ್ಯಾಡಿ" ಎಂದಳು. ತಡವಾಯಿತು. ಬ್ಯಾರನ್ ತುಂಬುವ ದಿನ ಕೈ ಕೊಟ್ಟವಳನ್ನು ಮುಂದಿನ ಸಲ ಗುಂಪಿಗೆ ಕರೆಯುವುದಿಲ್ಲ, ಗುಂಪು ತಪ್ಪಿದರೆ ಆ ವರ್ಷದ ಹಂಗಾಮೇ ತಪ್ಪಿದಂತೆ. ಈ ಸೊಪ್ಪು ಒಳಗೆ ಹೋಗಲಿ, ಆ ಸೊಪ್ಪು ಹೊರಗೆ ಬರಲಿ ಎಂದು ಕಾದರು. ಕೊನೆಗೆ ಬಿಡುವಾದ ದಿನ ಉಷಾರಾಣಿಗೆ ತಾಲ್ಲೂಕಿನಲ್ಲಿ ತರಬೇತಿ. ಜೊತೆಗೆ ಬರಲಾಗುವುದಿಲ್ಲವೆಂದು ಹೇಳಿ ಕಳುಹಿಸಿದಳು. ಸಾಕಮ್ಮ ಅಂಜಲಿಲ್ಲ. ಇಷ್ಟು ಜನರನ್ನು ದಾಟಿಸಿದವಳಿಗೆ ಮನೆಯ ಮಗಳನ್ನು ದಾಟಿಸುವುದು ಯಾವ ದೊಡ್ಡ ಮಾತು ಎಂದು ಬೆಳಗ್ಗೆ ಎದ್ದು ಹಂಡೆಗೆ ಉರಿ ಹಾಕಿದಳು.

ಆ ದಿನದ ಸಿಂಗಾರವನ್ನು ಆಕೆಯೇ ಆಮೇಲೆ ಮತ್ತೆ ಮತ್ತೆ ಹೇಳಿದ್ದರಿಂದ ಊರಿಗೆಲ್ಲ ಗೊತ್ತು. ಹುಣಸೆಹಣ್ಣು ಹಚ್ಚಿ ಕೈಯ ಅಂಟು ತಿಕ್ಕಿ ತೆಗೆದಳು. ಅಂಟು ಹೋದ ಮೇಲೆ ಕಂಡ ಉಗುರುಗಳು ಸುಣ್ಣದ ಬಣ್ಣಕ್ಕಿದ್ದವು. ಅಂಗೈಯಲ್ಲೂ ರಕ್ತವಿರಲಿಲ್ಲ. ಕಾಯಿಲೆ ಆಕೆಯ ಕಣ್ಣಿಗೆ ಕಂಡಿತ್ತು, ಬೆರಳಿಗೆ ಸಿಕ್ಕಿತ್ತು. ಆದರೆ ಆಕೆಗೆ ಅದು ಕಾಯಿಲೆಯಾಗಿ ಕಾಣದೆ ಬಡತನವಾಗಿ ಕಂಡಿತು, ಒಡೆದ ಹಿಮ್ಮಡಿಯ ಹಾಗೆ ಮುಚ್ಚಬೇಕಾದ ಇನ್ನೊಂದು ಕುಂದಾಗಿ ಕಂಡಿತು.

"ಅತ್ತೆ, ನಿಂತ್ಕಳಾಕಾಯ್ತಿಲ್ಲ" ಎಂದಳು ಪವಿತ್ರ.

"ಬಸ್ಸಲ್ಲಿ ಕೂತ್ಕಬವ್ದು. ಮೊಕ ಇತ್ತಗೆ ತಿರುಗ್ಸು. ತುಟಿ ನೋಡು, ಬಿಳಿಚ್ಕಂಡು ಎಂಗದೆ. ಈ ಎಲೆ ಅಗಿ, ಕೆಂಪಾಯ್ತದೆ. ಏನಂದೆ?"

ಕಾಚು ಹಚ್ಚಿದ ವೀಳ್ಯದೆಲೆ ತುಟಿಯನ್ನು ಕೆಂಪು ಮಾಡಿತು. ಉಗುರಿಗೆ ಬಣ್ಣ ಬಿತ್ತು. ಬಿಳುಪೇರಿದ ಕೆನ್ನೆಗೆ ಅರಿಶಿನ, ಅದರ ಮೇಲೆ ಪೌಡರು, ಕಣ್ಣಿನ ಅಂಚಿಗೆ ಗಾಢವಾದ ಕಾಡಿಗೆ. ಹಸಿರು ಸೀರೆ ಉಟ್ಟು ವ್ಯಾನಿಟಿ ಬ್ಯಾಗು ಹಿಡಿದು ನಿಂತ ಪವಿತ್ರಳನ್ನು ನೋಡಿ ಪಕ್ಕದ ಮನೆಯ ಮಾಯಮ್ಮ, "ಮದ್ವೆ ದಿನ್ವೂ ಇಂಗಿರ್ನಿಲ್ಲ ಕಣೆ ನೀನು" ಎಂದಳು.

ಆಸ್ಪತ್ರೆಯ ಬಾಗಿಲು ಸಲೀಸಾಗಿ ತೆರೆಯಿತು. ಒಳಗೆ ಕಿರಿಯ ವಯಸ್ಸಿನ ಡಾಕ್ಟರು, ಅವರ ಮೇಜಿನ ಸುತ್ತ ನೊಣ ಮುತ್ತಿದಂತೆ ಜನ. ಅವರು ಕೆಟ್ಟವರಲ್ಲ, ಒಂದೇ ಜೊತೆ ಕಣ್ಣಿನಿಂದ ಅಷ್ಟು ಜನರನ್ನು ನೋಡಬೇಕಾಗಿತ್ತು. ಏನು ತೊಂದರೆ ಎಂದು ಕೇಳಿದಾಗ ಪವಿತ್ರ ಅತ್ತೆಯ ಮುಖ ನೋಡಿದಳು. ಹೇಳಬೇಕಾದ ಮಾತು ಗಂಡಸರ ಕಿವಿಗೆ ಬೀಳಬಾರದ್ದು, ಆದರೆ ಬೆನ್ನಿಗೆ ಒತ್ತಿಕೊಂಡು ನಿಂತಿದ್ದವರೆಲ್ಲ ಗಂಡಸರು. ದುಡ್ಡು ಕೊಟ್ಟು ತೋರಿಸುವ ಕಡೆ ರೋಗಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತಾರೆ. ಇಲ್ಲಿ ನಾಚಿಕೆಯೂ ಸಾಲಿನಲ್ಲಿ ನಿಲ್ಲಬೇಕು. "ಸುಸ್ತು ಸಾರ್, ತಲೆ ಸುತ್ತು" ಎಂದಷ್ಟೇ ಸಾಕಮ್ಮ ಹೇಳಿದಳು. ಡಾಕ್ಟರು ತಲೆಯೆತ್ತಿ ನೋಡಿದರು. ಕೆಂಪು ತುಟಿ, ಬಣ್ಣದ ಉಗುರು, ಜರಿ ಸೀರೆ. ನಸುನಕ್ಕು, "ಊಟ ಸರಿಯಾಗಿ ಮಾಡಮ್ಮ. ಡಯಟ್ ಗಿಯಟ್ ಮಾಡ್ತಿದ್ದೀಯಾ?" ಎಂದು ಕೇಳಿ, ಗ್ಯಾಸ್ಟ್ರಿಕ್ಕಿಗೂ ಶಕ್ತಿಗೂ ಮಾತ್ರೆ ಬರೆದುಕೊಟ್ಟರು.

ಊರಿಗೆ ಬಂದ ಸಾಕಮ್ಮನ ಹಿಗ್ಗು ನೋಡಬೇಕಿತ್ತು. "ಡಯಟ್ ಮಾಡ್ತೀಯಾ ಅಂತ ಕೇಳುದ್ರು ಕಣ್ರೇ, ನಮ್ಮ ಪವಿತ್ರನ" ಎಂದು ಹೊಲದಲ್ಲಿ ಹೇಳಿ ಹೇಳಿ ನಕ್ಕಳು. ತಿನ್ನಲು ಇದ್ದೂ ಬಿಡುವವರು ಎಂದು ತಮ್ಮನ್ನೊಬ್ಬ ಡಾಕ್ಟರು ತಿಳಿದದ್ದು ಆ ಹೆಂಗಸರಿಗೆ ಬಹುಕಾಲದ ನಗೆಯಾಯಿತು. ಪವಿತ್ರಳೂ ನಕ್ಕಳು. ಡಾಕ್ಟರೇ ಏನೂ ಇಲ್ಲವೆಂದ ಮೇಲೆ ಮತ್ತೆ ಹೋಗುವ ಮಾತೆಲ್ಲಿ? ಮಾತ್ರೆ ನುಂಗುತ್ತಾ ಹುಡುಗಿ ಇನ್ನೊಂದು ಬ್ಯಾರನ್ ಸೊಪ್ಪು ಕಟ್ಟಿದಳು. ಪಾದಗಳು ಊದಿಕೊಂಡವು, ಮುಖವೂ ದುಂಡಗಾಯಿತು. ಮೈ ತುಂಬಿಕೊಳ್ಳುತ್ತಿದೆ ಎಂದು ಸಾಕಮ್ಮ ಸಂತೋಷಪಟ್ಟಳು.

ಒಂದು ಬೆಳಗ್ಗೆ ಪವಿತ್ರಳಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಮತ್ತೆ ತೋರಿಸಿಕೊಂಡು ಬರೋಣವೆಂದು ಸಾಕಮ್ಮ ಪೆಟ್ಟಿಗೆ ತೆರೆದಳು. ಈ ಸಲ ಹುಡುಗಿ ಇನ್ನಷ್ಟು ಬಾಡಿದ್ದರಿಂದ ಬಣ್ಣವೂ ಇನ್ನಷ್ಟು ಬೇಕಾಯಿತು. ಎಲೆ ಅಗಿಸಿ, ಉಗುರಿಗೆ ಎರಡನೆಯ ಪದರ ಹಚ್ಚಿ, ಜಡೆ ಹೆಣೆಯುತ್ತಿದ್ದಂತೆ ಪವಿತ್ರ ಬಚ್ಚಲುಕಲ್ಲಿನ ಪಕ್ಕಕ್ಕೆ ವಾಲಿ ಬಿದ್ದಳು. ಮಾಯಮ್ಮ ಓಡಿ ಉಷಾರಾಣಿಯನ್ನು ಕರೆತಂದಳು. ಆಕೆ ಫೋನು ಮಾಡಿದ ಮೇಲೆ ಆಂಬುಲೆನ್ಸ್ ಬಂದು ಬೀದಿಯ ತುದಿಯಲ್ಲಿ ನಿಂತಾಗ ಸಾಕಮ್ಮ ಪ್ರಜ್ಞೆಯಿಲ್ಲದ ಸೊಸೆಯ ಮೈಗೆ ಹಸಿರು ಸೀರೆ ಸುತ್ತುತ್ತಿದ್ದಳು. "ಒಂದ್ ಗಳ್ಗೆ ತಡೀರಪ್ಪ, ಇಂಗೇ ಕರ್ಕಂಡೋದ್ರೆ ನೋಡಾಕಿಲ್ಲ ಅವ್ರು" ಎಂದು ಸ್ಟ್ರೆಚರ್ ಹಿಡಿದವರಿಗೆ ಕೈ ಮುಗಿದಳು. ಉಷಾರಾಣಿ ಸೀರೆಯನ್ನು ಕಿತ್ತು ಎಸೆದು, "ಎತ್ತಿ ಮೊದ್ಲು" ಎಂದಳು.

ಮೈಸೂರಿನ ಆಸ್ಪತ್ರೆಯಲ್ಲಿ ಯಾರೂ ಅವರನ್ನು ತಡೆಯಲಿಲ್ಲ. ಬಾಗಿಲಿನವರು ಯಾರ ಬಟ್ಟೆಯನ್ನೂ ನೋಡಲಿಲ್ಲ. ನರ್ಸೊಬ್ಬಳು ಬೆರಳಿಗೆ ಸಣ್ಣ ಯಂತ್ರ ಕಚ್ಚಿಸಲು ಹೋಗಿ ಉಗುರಿನ ಬಣ್ಣ ಕಂಡು, ಸ್ಪಿರಿಟ್ಟಿನಿಂದ ಉಜ್ಜಿ ಉಜ್ಜಿ ತೆಗೆಯತೊಡಗಿದಳು. ನಡುವಯಸ್ಸಿನ ಡಾಕ್ಟರಮ್ಮ ಹುಡುಗಿಯ ಕೆಳರೆಪ್ಪೆಯನ್ನು ಎಳೆದು ನೋಡಿ, ಒದ್ದೆ ಹತ್ತಿಯಿಂದ ತುಟಿಯನ್ನು ಒಮ್ಮೆ ಒರೆಸಿದರು. ಹತ್ತಿ ಕೆಂಪಾಯಿತು. ತುಟಿ ಕಾಗದದಂತೆ ಬೆಳ್ಳಗಿತ್ತು.

"ಇಷ್ಟು ದಿನ ಯಾರಿಗೂ ತೋರಿಸಲಿಲ್ವಾ?"

"ತೋರ್ಸುದ್ವಿ ಕಣವ್ವ."

"ಈ ಬಣ್ಣ ಎಲ್ಲ ಯಾಕೆ ಹಚ್ಚಿದ್ರಿ? ರಕ್ತ ಇಲ್ಲ ಅನ್ನೋದು ನಮಗೆ ಮೊದಲು ಕಾಣೋದೇ ತುಟಿ, ಉಗುರು, ಕಣ್ಣಲ್ಲಿ. ಅದನ್ನೇ ಮುಚ್ಚಿಬಿಟ್ಟಿದ್ದೀರಲ್ಲ."

ಸಾಕಮ್ಮ ಆ ಹತ್ತಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು: "ಅಂಗಾರೆ ಕೊಳಕಾಗೇ ಬರ್ಬೇಕಿತ್ತಾ? ಕೊಳಕಾಗಿ ಬಂದೋರು ಅಲ್ಲಿ ನೆಲದ್ಮೇಲೆ ಸತ್ರು ಕಣವ್ವ."

ಡಾಕ್ಟರಮ್ಮ ಆಕೆಯ ಹೆಗಲು ಮುಟ್ಟಿ ರಕ್ತ ತರಿಸಲು ಓಡಿದರು. ರಕ್ತ ಬಂತು, ಸೂಜಿ ಚುಚ್ಚಿದರು, ಹನಿ ಹನಿಯಾಗಿ ಇಳಿಯತೊಡಗಿತು. ಆದರೆ ನೀರಿನಂತಾಗಿದ್ದ ರಕ್ತವನ್ನೇ ತಿಂಗಳುಗಟ್ಟಲೆ ತಳ್ಳಿ ತಳ್ಳಿ ಸೋತಿದ್ದ ಹೃದಯ ಆ ಹೊಸ ರಕ್ತ ತಲುಪುವವರೆಗೆ ಕಾಯಲಿಲ್ಲ. ಕೊಡಗಿನಿಂದ ಬಸ್ಸು ಬದಲಾಯಿಸಿಕೊಂಡು ಚಿಕ್ಕಮಾದು ಬಂದಾಗ ಹೆಂಡತಿಯ ಮುಖವನ್ನು ಬಟ್ಟೆಯಿಂದ ಮುಚ್ಚಿದ್ದರು. ಸಾಕಮ್ಮನೇ ಅವನಿಗೆ ಹೇಳಿದಳು, "ನಾನೇ ಮುಚ್ಚಾಕ್ಬುಟ್ಟೆ ಕಣ್ಲಾ. ಕಂಡಿತ್ತು ನಂಗೆ. ಕಂಡಿದ್ದುನ್ನ ಮುಚ್ಚಾಕ್ಬುಟ್ಟೆ."

ಇಂಥದ್ದು ನಡೆದ ಮೇಲೆ ಯಾರಾದರೂ ಬಾಯಿ ಹೊಲಿದುಕೊಳ್ಳುತ್ತಾರೆ. ಸಾಕಮ್ಮ ಹೊಲಿದುಕೊಳ್ಳಲಿಲ್ಲ. ಹದಿಮೂರರ ತಿಥಿ ಮುಗಿದು ಹೊಲಕ್ಕೆ ಬಂದವಳು, ಕಡ್ಡಿಗೆ ಸೊಪ್ಪು ಕಟ್ಟುತ್ತಾ, ಒಂದನ್ನೂ ಬಿಡದೆ, ತನ್ನ ಪರವಾಗಿ ಒಂದು ಮಾತನ್ನೂ ಸೇರಿಸದೆ, ಎಲ್ಲವನ್ನೂ ಹೆಂಗಸರಿಗೆ ಹೇಳಿದಳು. ಕೇಳಿದವರು ಅತ್ತರು. ಆಕೆ ಅಳಲಿಲ್ಲ. ಆಕೆಯ ಸ್ವಭಾವದಲ್ಲಿ ನಾನು ತಲೆಬಾಗುವುದು ಇಲ್ಲಿಯೇ.

ಹಂಗಾಮು ಮುಗಿಯುವ ಹೊತ್ತಿಗೆ ಮಾಯಮ್ಮನಿಗೆ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡಿತು. ಅವಳು ಬಂದು ಹೊಸ್ತಿಲಲ್ಲಿ ನಿಂತು, ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಸೀರೆ ಕೇಳಿದಳು. "ಬೈಬ್ಯಾಡ ಕಣಕ್ಕ. ಇದ್ರಲ್ಲಿ ಓದ್ರೆ ನನ್ನ ಒಳಿಕೆ ಬುಡ್ತಾರಾ?" ಎಂದು ತಾನುಟ್ಟಿದ್ದನ್ನು ತೋರಿಸಿದಳು. ಆ ಪ್ರಶ್ನೆ ಹಿಂದೆ ಎಷ್ಟು ನಿಜವಾಗಿತ್ತೋ ಈಗಲೂ ಅಷ್ಟೇ ನಿಜವಾಗಿತ್ತು. ಪವಿತ್ರಳ ಸಾವು ಬಾಗಿಲಿನವನನ್ನು ಬದಲಾಯಿಸಿರಲಿಲ್ಲ. ಸಾಕಮ್ಮ ಎದ್ದು ಹಂಡೆಗೆ ಉರಿ ಹಾಕಿ, ಮಾಯಮ್ಮನನ್ನು ಮೀಯಿಸಿ, ಸೀರೆ ಉಡಿಸಿ, ಅವಳ ಬಾಯಿಯ ಎಲೆಯಡಿಕೆಯನ್ನು ಉಗುಳಿಸಿ, ಸೆರಗಿನ ತುದಿಯಿಂದ ತುಟಿಯನ್ನು ಬಿರುಸಾಗಿ ಒರೆಸಿದಳು.

"ಸೀರೆ ಬಾಗ್ಲವ್ನಿಗೆ. ತುಟಿ, ಉಗ್ರು ಡಾಕ್ಟ್ರಿಗೆ. ಒಂದ್ಕೊಂದು ಸೇರುಸ್ಬ್ಯಾಡ. ಗಂಟು ಎಲ್ಲದೆ ಅಂತ ಎಲ್ರು ಮುಂದ್ಲೂ ಕೂಗಿ ಯೋಳು. ನಾಚ್ಕಬ್ಯಾಡ, ನಾಚ್ಕಂಡ್ರೆ ಸಾಯ್ತೀಯ."

ಮಾಯಮ್ಮ ತಲೆಯಾಡಿಸಿ ಬಸ್ಸಿಗೆ ಹೋದಳು.

ಇಂಥವರನ್ನು ನಾವು ತಿಳಿವಳಿಕೆಯಿಲ್ಲದವರೆಂದು ಕರೆದು ಸುಲಭವಾಗಿ ಮುಂದೆ ಹೋಗುತ್ತೇವೆ. ತಿಳಿವಳಿಕೆ ಅವರಿಗೆ ಸಾಲದೆ ಹೋದದ್ದಲ್ಲ, ಎರಡು ಕಡೆಗೆ ಹಂಚಿಹೋಗಿರುತ್ತದೆ. ಉಳ್ಳವರು ಆಸ್ಪತ್ರೆಗೆ ಹೋದರೆ ತಮ್ಮ ಕಾಯಿಲೆಯೊಂದನ್ನು ತೋರಿಸಿದರೆ ಸಾಕು. ಸಾಕಮ್ಮನಂಥವರು ಮೊದಲು ತಾವು ಮನುಷ್ಯರೆಂದು ತೋರಿಸಬೇಕು, ಅದು ಒಪ್ಪಿಗೆಯಾದ ಮೇಲೆ ಕಾಯಿಲೆಯವರೆಂದು ತೋರಿಸಬೇಕು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಮುಳುವಾಗುತ್ತದೆ. ಮನುಷ್ಯರೆಂದು ತೋರಿಸಿಕೊಳ್ಳುವುದರಲ್ಲಿಯೇ ಅವರ ಇದ್ದಬದ್ದ ಬುದ್ಧಿ, ಪ್ರೀತಿ, ಶಕ್ತಿಗಳೆಲ್ಲ ಮುಗಿದು, ಕಾಯಿಲೆಯನ್ನು ತೋರಿಸುವ ಹೊತ್ತಿಗೆ ಕಾಯಿಲೆ ತನ್ನ ಕೆಲಸ ಮುಗಿಸಿರುತ್ತದೆ.